ಹ್ಯೂಸ್ಟನ್ನಿನ ಡಯಾಕ್ಸಿನ್ ಗುಂಡಿಯ ಹತ್ತಿರ ಮನೆ ಕೊಳ್ಳಬಹುದಾ?

ಪ್ರಶ್ನೆ: ಸರ್, ನಾವು ಕುಂದಾಪುರದವರು. ನಾನು ಟೆಕ್ಸಸ್‌ನ ಬೇಟೌನ್‌ನಲ್ಲಿ ಒಂದು ಪ್ಲಾಂಟ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಪಕ್ಕದ ಹೈಲ್ಯಾಂಡ್ಸ್‌ನಲ್ಲಿ ಒಂದು ಮನೆ ಹಿಡಿಸಿದೆ. ಅರ್ಧ ಎಕರೆ ಜಾಗ, ಬೋರ್‌ವೆಲ್ ನೀರು, ಬೆಲೆಯೂ ಕಡಿಮೆ. ಆಫರ್ ಒಪ್ಪಿದ್ದಾರೆ, ಆಪ್ಶನ್ ಪೀರಿಯಡ್ (ಕಾರಣ ಹೇಳದೆ ಹಿಂದೆ ಸರಿಯಬಹುದಾದ ಅವಧಿ) ಇನ್ನು ನಾಲ್ಕೇ ದಿನ ಇದೆ. ಈಗ ಒಬ್ಬ ಸಹೋದ್ಯೋಗಿ, ಅಲ್ಲೇ ಸ್ಯಾನ್ ಹಸಿಂಟೊ ನದಿಯಲ್ಲಿ ಡಯಾಕ್ಸಿನ್ ಅನ್ನುವ ವಿಷ ರಾಸಾಯನಿಕ ತುಂಬಿದ ಗುಂಡಿಗಳಿವೆ, ಹಾರ್ವೆ ಚಂಡಮಾರುತದಲ್ಲಿ ಅವು ಒಡೆದು ವಿಷ ಎಲ್ಲರ ಮನೆಗೂ ಹೋಗಿದೆ, ಅಲ್ಲಿದ್ದವರಿಗೆಲ್ಲ ಕ್ಯಾನ್ಸರ್ ಅಂತ ಹೆದರಿಸಿದ್ದಾನೆ. ರಿಯಲ್ಟರ್ ಹೇಳುವುದೇ ಬೇರೆ: ಗುಂಡಿ ಮುಚ್ಚಿದ್ದಾರೆ, ಸರ್ಕಾರ ನೋಡಿಕೊಳ್ಳುತ್ತಿದೆ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಅಂತ. ಪಕ್ಕದ ಮನೆಯವರು 2017ರಲ್ಲಿ ಈ ಮನೆಯೊಳಗೆ ಮೊಣಕಾಲುದ್ದ ನೀರಿತ್ತು ಅಂದರು. ನಮಗೆ ನಾಲ್ಕು ವರ್ಷದ ಮಗ, ಎದೆಹಾಲು ಕುಡಿಯುವ ಆರು ತಿಂಗಳ ಮಗಳು. ಊರಿನಿಂದ ಬಂದಾಗೆಲ್ಲ ಅಪ್ಪ ನದಿಯಲ್ಲಿ ಏಡಿ ಹಿಡಿಯುತ್ತಾರೆ. ಹೆಂಡತಿಗೆ ಹಿತ್ತಲಲ್ಲಿ ತರಕಾರಿ ಬೆಳೆಯುವ ಆಸೆ. ಏನು ಮಾಡಲಿ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನಾನಾಗಿದ್ದರೆ ಈ ಮನೆ ಕೊಳ್ಳುತ್ತಿರಲಿಲ್ಲ. ನನ್ನ ಕಾರಣ ಮಾತ್ರ ನಿಮ್ಮ ಸಹೋದ್ಯೋಗಿಯ ಕಾರಣಕ್ಕಿಂತ ಬೇರೆ. ಇನ್ನೊಂದು, ನೀವು ಕೊನೆಯಲ್ಲಿ ಸೇರಿಸಿದ ಏಡಿಯ ವಿಷಯ ಇದೆಯಲ್ಲ, ನಿಮ್ಮ ಇಡೀ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ತಂದದ್ದು ಅದೇ. ಅದು ಮನೆ ಕೊಂಡರೂ ಬಿಟ್ಟರೂ ಇರುವ ಚಿಂತೆ.

ನಾನು ಟೆಕ್ಸಸ್ ಕರಾವಳಿಯಲ್ಲಿ ಕಲುಷಿತ ಜಾಗಗಳ ಮಣ್ಣು, ನೀರು ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಇಂಥ ಜಾಗದ ಬಗ್ಗೆ ಎಲ್ಲರೂ ಮೊದಲು ಕೇಳುವುದು "ಎಷ್ಟು ಮೈಲಿ ದೂರ ಇದ್ದರೆ ಸೇಫ್?" ಅಂತ. ನಾವು ನೋಡುವುದು ದಾರಿಯನ್ನು. ವಿಷ ಗುಂಡಿಯಿಂದ ಹೊರಟು ಮನುಷ್ಯನ ಹೊಟ್ಟೆಗೆ ಬರಬೇಕಾದರೆ ಒಂದು ದಾರಿ ಬೇಕು. ಗಾಳಿ, ನೀರು, ಮಣ್ಣು, ಊಟ, ಇವುಗಳಲ್ಲಿ ಯಾವುದು ತೆರೆದಿದೆ ಯಾವುದು ಮುಚ್ಚಿದೆ ಅಂತ ಗೊತ್ತಾದರೆ ಅರ್ಧ ಹೆದರಿಕೆ ಹೋಗುತ್ತದೆ. ಉಳಿದರ್ಧ ಬೇಕಾದದ್ದೇ.

ಮೊದಲು ಆ ಗುಂಡಿಗಳ ಕಥೆ. 1960ರ ದಶಕದ ಮಧ್ಯದಲ್ಲಿ ಹ್ಯೂಸ್ಟನ್ ಪಕ್ಕದ ಪಸಡೀನಾದ ಒಂದು ಪೇಪರ್ ಮಿಲ್ಲಿನ ಕೆಸರನ್ನು ಬಾರ್ಜ್‌ಗಳಲ್ಲಿ ತಂದು ನದಿಯ ದಂಡೆಯ ಗುಂಡಿಗಳಿಗೆ ಸುರಿದರು, ಈಗ ಐ-10 ಹೆದ್ದಾರಿಯ ಸೇತುವೆ ಇರುವ ಕಡೆಯಲ್ಲೇ. ಕಾಗದ ಬೆಳ್ಳಗಾಗಲು ಆಗ ಕ್ಲೋರಿನ್ ಬಳಸುತ್ತಿದ್ದರು, ಅದರಿಂದ ಹುಟ್ಟಿದ್ದು ಡಯಾಕ್ಸಿನ್. ಸುರಿದರು, ಮರೆತರು. ಅಷ್ಟರಲ್ಲಿ ನೆಲವೇ ಕುಸಿಯಿತು. ಕಾರ್ಖಾನೆಗಳೂ ಊರುಗಳೂ ದಶಕಗಟ್ಟಲೆ ಅಂತರ್ಜಲ ಎಳೆದದ್ದಕ್ಕೆ ಈ ಪೂರ್ವ ಭಾಗವೆಲ್ಲ ಅಡಿಗಟ್ಟಲೆ ಕೆಳಗಿಳಿದಿದೆ. ನಿಮ್ಮ ಬೇಟೌನ್‌ನಲ್ಲೇ ಬ್ರೌನ್‌ವುಡ್ ಅಂತ ಒಂದು ಒಳ್ಳೆಯ ಬಡಾವಣೆ ಇತ್ತು. ನೆಲ ಕುಸಿದು ಕುಸಿದು ಕೊಲ್ಲಿಯ ನೀರು ಅಂಗಳಕ್ಕೆ ಬಂತು, 1983ರ ಅಲಿಸಿಯಾ ಚಂಡಮಾರುತ ಬಂದು ಅದನ್ನು ಮುಗಿಸಿತು. ಈಗ ನೀವು ಮಗನನ್ನು ಹಕ್ಕಿ ನೋಡಲು ಕರೆದುಕೊಂಡು ಹೋಗಬಹುದಾದ ಬೇಟೌನ್ ನೇಚರ್ ಸೆಂಟರ್ ಇರುವುದು ಅದೇ ಜಾಗದಲ್ಲಿ. ಹೀಗೆ ನೆಲ ಇಳಿದಾಗ ದಂಡೆಯಲ್ಲಿದ್ದ ಗುಂಡಿಗಳೂ ಭಾಗಶಃ ನದಿಯೊಳಗೇ ಹೋದವು.

2008ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಇದನ್ನು ಸೂಪರ್‌ಫಂಡ್ ಪಟ್ಟಿಗೆ ಸೇರಿಸಿತು, ಅಂದರೆ ದೇಶದ ತೀರಾ ಅಪಾಯದ ತ್ಯಾಜ್ಯ ಜಾಗಗಳ ಪಟ್ಟಿಗೆ. 2011ರಲ್ಲಿ ದಪ್ಪ ಹಾಳೆ ಹಾಸಿ, ಮೇಲೆ ಕಲ್ಲು ಪೇರಿಸಿ ತಾತ್ಕಾಲಿಕ ಹೊದಿಕೆ ಹಾಕಿದರು. ತಾತ್ಕಾಲಿಕ ಅನ್ನುವ ಪದ ನಿಮ್ಮ ರಿಯಲ್ಟರ್‌ಗೆ ಮರೆತುಹೋಗಿರಬೇಕು.

ಆಮೇಲೆ 2017ರ ಆಗಸ್ಟ್, ಹಾರ್ವೆ. ಹ್ಯೂಸ್ಟನ್ ಸುತ್ತಮುತ್ತ ಕೆಲವೇ ದಿನಗಳಲ್ಲಿ 40 ಇಂಚಿಗೂ ಮಿಕ್ಕಿ ಮಳೆ. ಟೆಕ್ಸಸ್‌ನ 13 ಸೂಪರ್‌ಫಂಡ್ ಜಾಗಗಳಿಗೆ ನೀರು ನುಗ್ಗಿತು ಇಲ್ಲವೇ ಹಾನಿಯಾಯಿತು ಅಂತ ಇಪಿಎಯೇ ಹೇಳಿತು. ನಿಮ್ಮ ಗುಂಡಿಯ ಹೊದಿಕೆ ಒಂದು ಕಡೆ ಕಿತ್ತುಹೋಗಿ ಒಳಗಿನ ಕೆಸರು ತೆರೆದುಕೊಂಡಿತ್ತು. ಡೈವರ್‌ಗಳು ಇಳಿದು ತಂದ ಮಾದರಿಯಲ್ಲಿ ಡಯಾಕ್ಸಿನ್ ಕಿಲೋಗೆ 70,000 ನ್ಯಾನೋಗ್ರಾಂ ಇತ್ತು. ಶುದ್ಧೀಕರಣಕ್ಕೆ ಇಟ್ಟುಕೊಂಡ ಗುರಿ 30. ಹೊದಿಕೆ ನಂಬಿ ಕೂರುವುದು ಬೇಡ, ಕೆಸರನ್ನೇ ಅಗೆದು ಹೊರಗೆ ಸಾಗಿಸಬೇಕು ಅಂತ ಅದೇ ಅಕ್ಟೋಬರ್‌ನಲ್ಲಿ ತೀರ್ಮಾನವಾಯಿತು. ಆಗಿನ ಅಂದಾಜು ಖರ್ಚು 11.5 ಕೋಟಿ ಡಾಲರ್. ಹೇಳಿದಷ್ಟು ಸುಲಭದ ಕೆಲಸ ಅಲ್ಲ ಅದು. ಹರಿಯುವ ನದಿಯಲ್ಲಿ ಗೋಡೆ ಕಟ್ಟಬೇಕು, ಒಳಗಿನ ನೀರು ತೆಗೆಯಬೇಕು, ಚಂಡಮಾರುತದ ತಿಂಗಳುಗಳನ್ನು ಬಿಟ್ಟು ಅಗೆಯಬೇಕು, ಹಾಗಾಗಿ ವಿನ್ಯಾಸದ ಹಗ್ಗಜಗ್ಗಾಟದಲ್ಲೇ ವರ್ಷಗಳು ಕಳೆದಿವೆ.

ಹಾಗಾದರೆ ಸಹೋದ್ಯೋಗಿ ಹೇಳಿದ್ದು ಸರಿ ತಾನೆ ಅನ್ನಿಸುತ್ತದೆ, ಅಲ್ವಾ? ಇಲ್ಲ. ಆ 70,000 ಸಿಕ್ಕಿದ್ದು ಹೊದಿಕೆ ಕಿತ್ತ ಜಾಗದಲ್ಲಿ, ಯಾರ ಅಂಗಳದಲ್ಲೂ ಅಲ್ಲ. ಡಯಾಕ್ಸಿನ್ ಸ್ವಭಾವವೇ ಬೇರೆ. ನೀರಿನಲ್ಲಿ ಅದು ಕರಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಗಾಳಿಗೆ ಆವಿಯಾಗಿ ಏಳುವುದೂ ಇಲ್ಲವೇ ಇಲ್ಲ ಅನ್ನಬಹುದು. ಅದು ಅಂಟಿಕೊಳ್ಳುವುದು ಎರಡಕ್ಕೆ: ನಯವಾದ ಹೂಳಿಗೆ, ಮತ್ತು ಕೊಬ್ಬಿಗೆ. ನೆರೆ ಬಂದಾಗ ಹೂಳಿನ ಜೊತೆ ಹೋಗುತ್ತದೆ ಸರಿ, ಆದರೆ ಟನ್ನುಗಟ್ಟಲೆ ಬೇರೆ ಕೆಸರಿನ ಜೊತೆ ಬೆರೆತು ಹೋಗುತ್ತದೆ, ಅದರಲ್ಲೂ ಹೆಚ್ಚಿನದು ಕೆಳಗೆ ಕೊಲ್ಲಿಯ ಕಡೆಗೆ. ಹೈಲ್ಯಾಂಡ್ಸ್ ಇರುವುದು ಗುಂಡಿಗಿಂತ ಮೇಲ್ಭಾಗದಲ್ಲಿ. ಸಮುದ್ರದ ನೀರು ಉಕ್ಕಿ ಹಿಂದಕ್ಕೆ ನುಗ್ಗಿದರೆ ಮಾತ್ರ ಲೆಕ್ಕ ಬದಲಾಗುತ್ತದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ.

ಸೇತುವೆ ದಾಟುವಾಗ ಕಾರಿನ ಕಿಟಕಿ ಏರಿಸಬೇಕಾ ಅಂತ ನನ್ನನ್ನು ಕೇಳಿದವರಿದ್ದಾರೆ. ಬೇಡ. ಆ ರಸ್ತೆಯಲ್ಲಿ ಡಯಾಕ್ಸಿನ್‌ಗಿಂತ ಮುಂದಿನ ಟ್ರಕ್ಕಿನ ಹೊಗೆ ನಿಮ್ಮನ್ನು ಜಾಸ್ತಿ ಕಾಡುತ್ತದೆ.

ಈಗ ಏಡಿ. ಮನುಷ್ಯರ ಮೈಗೆ ಸೇರುವ ಡಯಾಕ್ಸಿನ್‌ನಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಊಟದಿಂದಲೇ ಬರುತ್ತದೆ, ಮುಖ್ಯವಾಗಿ ಮಾಂಸ, ಹಾಲು, ಮೀನು, ಏಡಿ, ಚಿಪ್ಪಿನ ಕೊಬ್ಬಿನ ಜೊತೆ. ಇದು ಪ್ರಪಂಚದ ಎಲ್ಲ ಕಡೆಯ ಲೆಕ್ಕ, ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ಹೀಗಿರುವಾಗ ಆ ನದಿಯ ತಳದಲ್ಲೇ ಹೊರಳಿ, ಹೂಳಿನಲ್ಲಿ ಸಿಕ್ಕಿದ್ದನ್ನು ತಿಂದು ಬೆಳೆದ ಏಡಿ ನಿಮ್ಮ ಬಾಣಲೆಗೆ ಬಂದರೆ ದಾರಿ ಪೂರ್ತಿಯಾಯಿತು. ಗುಂಡಿ, ಹೂಳು, ಏಡಿ, ಹೊಟ್ಟೆ. ಮಧ್ಯದಲ್ಲಿ ತಡೆಯುವುದು ಏನೂ ಇಲ್ಲ.

ನಮ್ಮವರು ತಿನ್ನುವ ರೀತಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಕೋಳಿ ಕತ್ತು ಕಟ್ಟಿ ಬುಟ್ಟಿ ಇಳಿಸಿ ಹಿಡಿದ ನೀಲಿ ಏಡಿಯನ್ನು ಇಲ್ಲಿಯವರು ಬೇಯಿಸಿ ಬಿಳಿ ಮಾಂಸ ಬಿಡಿಸಿಕೊಂಡು ಉಳಿದದ್ದನ್ನು ಬಹಳ ಸಲ ಎಸೆಯುತ್ತಾರೆ. ನಾವು ಚಿಪ್ಪು ತೆಗೆದು, ನಡು ಮುರಿದು, ಒಳಗಿನ ಹಳದಿ ಸಮೇತ ಮಸಾಲೆಗೆ ಹಾಕುತ್ತೇವೆ, ಸುಕ್ಕಕ್ಕೆ ರುಚಿ ಬರುವುದೇ ಅದರಿಂದ. ಆ ಹಳದಿ ಏಡಿಯ ಲಿವರ್ ಥರದ ಅಂಗ, ಕೊಬ್ಬು ಕೂಡುವ ಜಾಗ. ಡಯಾಕ್ಸಿನ್ ಕೂಡುವುದೂ ಅಲ್ಲೇ. ಬೇಯಿಸಿದರೆ ಹೋಗುವುದಿಲ್ಲ, ಹುಣಸೆಹುಳಿಗೂ ಹೋಗುವುದಿಲ್ಲ, ಗ್ರೇವಿಗೆ ಇಳಿಯುತ್ತದೆ ಅಷ್ಟೆ.

ಇದು ನನ್ನೊಬ್ಬನ ಎಚ್ಚರಿಕೆ ಅಲ್ಲ. ಹ್ಯೂಸ್ಟನ್ ಶಿಪ್ ಚಾನೆಲ್ ಮತ್ತು ಅದಕ್ಕೆ ಸೇರಿದ ನೀರಿನ ಮೀನು, ಏಡಿಯ ಬಗ್ಗೆ ಟೆಕ್ಸಸ್ ಆರೋಗ್ಯ ಇಲಾಖೆಯ ಸೂಚನೆ 1990ರಿಂದಲೂ ಇದೆ. ಡಯಾಕ್ಸಿನ್ ಜೊತೆಗೆ ಪಿಸಿಬಿ ಅನ್ನುವ ಇನ್ನೊಂದು ವಿಷವೂ ಅಲ್ಲಿದೆ. ಬಸುರಿಯರು, ಹಾಲೂಡಿಸುವವರು, ಮಕ್ಕಳು ಆ ಏಡಿ ಮುಟ್ಟಲೇಬಾರದು. ದಂಡೆಯಲ್ಲಿ ಇಂಗ್ಲಿಷ್, ಸ್ಪ್ಯಾನಿಶ್ ಬೋರ್ಡುಗಳನ್ನು ಹಾಕಿರುತ್ತಾರೆ, ಅವು ಬಿದ್ದುಹೋಗಿರುವುದೂ ಉಂಟು. ಅಪ್ಪನಿಗೆ ಹೇಳುವುದು ಕಷ್ಟ, ಗೊತ್ತು. ಪಂಚಗಂಗಾವಳಿಯಲ್ಲಿ ಹುಟ್ಟಿನಿಂದ ಏಡಿ ಹಿಡಿದವರಿಗೆ ನದಿ ನೋಡಿದರೆ ಕೈ ಸುಮ್ಮನಿರುವುದಿಲ್ಲ. ಹಿಡಿಯಲಿ, ಬಿಡಲಿ, ತಿನ್ನುವುದು ಬೇಡ. ತಿನ್ನುವುದಕ್ಕಾದರೆ ಗ್ಯಾಲ್ವೆಸ್ಟನ್ ಕೊಲ್ಲಿಯ ಮೇಲ್ಭಾಗ ಬಿಟ್ಟು ದೂರದ ಕರಾವಳಿಗೆ ಹೋಗಿ, ಹೋಗುವ ಮೊದಲು ಆ ನೀರಿಗೆ ಸೂಚನೆ ಇದೆಯಾ ಅಂತ ರಾಜ್ಯದ ನಕ್ಷೆಯಲ್ಲಿ ನೋಡಿಕೊಳ್ಳಿ. ಬೆಕ್ಕುಮೀನಿಗೂ (ಕ್ಯಾಟ್‌ಫಿಶ್) ಇದೇ ಮಾತು.

ಈಗಾಗಲೇ ಅವರು ಹಿಡಿದದ್ದನ್ನು ನಿಮ್ಮ ಹೆಂಡತಿ ತಿಂದಿದ್ದರೆ? ಗಾಬರಿ ಬೇಡ, ಎದೆಹಾಲು ನಿಲ್ಲಿಸುವುದಂತೂ ಬೇಡವೇ ಬೇಡ. ಡಯಾಕ್ಸಿನ್ ಹಾಲಿಗೆ ಬರುತ್ತದೆ ಅನ್ನುವುದು ನಿಜ. ಹಾಗಿದ್ದೂ ಎದೆಹಾಲಿನ ಲಾಭ ಅದಕ್ಕಿಂತ ದೊಡ್ಡದು ಅಂತಲೇ ವಿಶ್ವ ಆರೋಗ್ಯ ಸಂಸ್ಥೆ ಹಾಲೂಡಿಸಲು ಹೇಳುತ್ತದೆ. ಇದು ನಾಲ್ಕಾರು ಊಟದ ವಿಷಯವಲ್ಲ, ವರ್ಷಗಟ್ಟಲೆ ಕೂಡುವ ವಿಷಯ. ಮೈಯೊಳಗೆ ಸೇರಿದ್ದರಲ್ಲಿ ಅರ್ಧ ಹೋಗಲು 7ರಿಂದ 11 ವರ್ಷ ಬೇಕು, ಅದಕ್ಕೇ ಇವತ್ತಿನಿಂದ ನಿಲ್ಲಿಸಿ ಅನ್ನುತ್ತೇನೆ. ರಕ್ತದಲ್ಲಿ ಡಯಾಕ್ಸಿನ್ ಪರೀಕ್ಷೆ ಮಾಡಿಸುವ ಆಲೋಚನೆ ಬಂದರೆ ಬಿಟ್ಟುಬಿಡಿ. ದುಬಾರಿ, ಮತ್ತೆ ಬಂದ ಸಂಖ್ಯೆ ಹಿಡಿದುಕೊಂಡು ಡಾಕ್ಟರ್ ಕೊಡುವ ಔಷಧಿಯೂ ಏನಿಲ್ಲ.

ಕ್ಯಾನ್ಸರ್ ಮಾತು. ಡಯಾಕ್ಸಿನ್ ಗುಂಪಿನ ಅತಿ ಘೋರವಾದದ್ದು ಮನುಷ್ಯರಿಗೆ ಕ್ಯಾನ್ಸರ್ ತರಬಲ್ಲದು ಅನ್ನುವುದು 1997ರಿಂದಲೇ ಒಪ್ಪಿತವಾದ ವಿಷಯ, ಅದರಲ್ಲಿ ಚರ್ಚೆ ಇಲ್ಲ. "ಅಲ್ಲಿದ್ದವರಿಗೆಲ್ಲ" ಅನ್ನುವುದು ಮಾತ್ರ ಬಾಯಿಗೆ ಬಂದ ಮಾತು. ಪೂರ್ವ ಹ್ಯೂಸ್ಟನ್‌ನಲ್ಲಿ ರಿಫೈನರಿ ಇದೆ, ರಾಸಾಯನಿಕ ಕಾರ್ಖಾನೆ ಇದೆ, ಶಿಪ್ ಚಾನೆಲ್ ಇದೆ, ಒಂದೇ ಮನೆಯಲ್ಲಿ ಮೂರು ತಲೆಮಾರು ಅಲ್ಲೇ ದುಡಿದವರಿದ್ದಾರೆ. ಒಂದು ಕಾಯಿಲೆಯನ್ನು ಒಂದು ಗುಂಡಿಗೆ ಕಟ್ಟುವುದು ಕಷ್ಟ. ಅಲ್ಲಿ ಕಾಯಿಲೆ ಬಿದ್ದವರ ಸಿಟ್ಟನ್ನು ಇದರಿಂದ ನಾನು ಸಣ್ಣದು ಮಾಡುತ್ತಿಲ್ಲ. ಗುಂಡಿಗೆ ಹೊದಿಕೆ ಹಾಕಿ ಕೈ ತೊಳೆದುಕೊಳ್ಳದಂತೆ ಇಪಿಎಯನ್ನು ಜಗ್ಗಿದವರು ಆ ಊರಿನ ಜನರೇ.

ತರಕಾರಿ ವಿಷಯ ಹೆಂಡತಿಯವರಿಗೆ. ನದಿಯ ನೆರೆ ಬಂದುಹೋದ ಮಣ್ಣಿನಲ್ಲಿ ನೇರವಾಗಿ ಬೆಳೆಯಬೇಡಿ. ಅರ್ಧ ಆಳೆತ್ತರದ ಕಟ್ಟೆ ಕಟ್ಟಿ ಹೊರಗಿನಿಂದ ತಂದ ಒಳ್ಳೆ ಮಣ್ಣು ತುಂಬಿಸಿ ಬೆಳೆದರೆ ಬಸಳೆ, ಬೆಂಡೆ, ಅಲಸಂದೆ, ನುಗ್ಗೆ ಯಾವುದಕ್ಕೂ ತೊಂದರೆ ಇಲ್ಲ. ಸಾಮಾನ್ಯವಾಗಿ ಗಿಡಗಳು ಡಯಾಕ್ಸಿನ್ ಅನ್ನು ಬೇರಿನಿಂದ ಎಳೆದುಕೊಳ್ಳುವುದಿಲ್ಲ. ಕುಂಬಳದ ಜಾತಿಯವು, ಅದರಲ್ಲೂ ಜುಕಿನಿ ಮತ್ತು ಅದರ ದಾಯಾದಿಗಳು ಮಾತ್ರ ಎಳೆದುಕೊಂಡು ಕಾಯಿಗೂ ಕಳಿಸುತ್ತವೆ. ಗೆಡ್ಡೆಗಳಿಗೆ ಮಣ್ಣು ಅಂಟಿರುತ್ತದೆ, ಸಿಪ್ಪೆ ತೆಗೆಯಿರಿ. ಕೋಳಿ ಸಾಕುವ ಯೋಚನೆ ಇದ್ದರೆ ಅಂಥ ನೆಲದಲ್ಲಿ ಬೇಡ, ಮಣ್ಣು ಕುಕ್ಕುವ ಕೋಳಿಯ ಮೊಟ್ಟೆಯ ಹಳದಿ ಏಡಿಯ ಹಳದಿಗೆ ತಂಗಿ. ಇನ್ನು ನಾಲ್ಕು ವರ್ಷದ ಹುಡುಗ ಮಣ್ಣಾಡದೆ ಇರುವುದಿಲ್ಲ. ಅಂಗಳದಲ್ಲಿ ಬರಿ ನೆಲ ಬಿಡದೆ ಹುಲ್ಲು ಹಾಸಿ, ಒಳಗೆ ಬಂದ ಕೂಡಲೇ ಕೈ ತೊಳೆಸಿ, ಚಪ್ಪಲಿ ಹೊರಗಿಡಿ. ಕೊನೆಯದ್ದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಬೋರ್‌ವೆಲ್‌ಗೆ ಬರೋಣ. ಈ ಮನೆ ಬೇಡ ಅನ್ನುವುದಕ್ಕೆ ನನ್ನ ಮೊದಲ ಕಾರಣ ಇದು. ಬೇಟೌನ್ ಊರಿನ ನಲ್ಲಿಯಲ್ಲಿ ಬರುವುದು ಟ್ರಿನಿಟಿ ನದಿಯ ನೀರು, ಶುದ್ಧೀಕರಿಸಿ ಕೊಡುತ್ತಾರೆ, ಪ್ರತಿ ವರ್ಷ ಪರೀಕ್ಷೆಯ ವರದಿ ಪ್ರಕಟಿಸಲೇಬೇಕು. ಖಾಸಗಿ ಬೋರ್‌ವೆಲ್‌ಗೆ ಹೇಳುವವರು ಕೇಳುವವರು ಯಾರೂ ಇಲ್ಲ, ಪರೀಕ್ಷೆ ನಿಮ್ಮ ಜವಾಬ್ದಾರಿ, ನಿಮ್ಮ ಖರ್ಚು. ಗುಂಡಿಯ ಡಯಾಕ್ಸಿನ್ ನೂರಾರು ಅಡಿ ಆಳಕ್ಕೆ ಇಳಿದು ಬೋರ್‌ವೆಲ್ ಸೇರುತ್ತದೆ ಅನ್ನುವುದಕ್ಕಿಂತ, ನೆರೆಯ ನೀರು ಕೇಸಿಂಗ್ ಪೈಪಿನ ಮೇಲಿನ ಬಾಯಿಯಿಂದಲೇ ಒಳಗೆ ಇಳಿಯುವುದು ಜಾಸ್ತಿ ಸಾಧ್ಯ. ಆ ನೀರಿನಲ್ಲಿ ಸುತ್ತಲಿನ ಎಲ್ಲ ಸೆಪ್ಟಿಕ್ ಟ್ಯಾಂಕ್‌ಗಳ ಮಲ, ಗ್ಯಾರೇಜುಗಳ ಎಣ್ಣೆ, ಹುಲ್ಲಿಗೆ ಹೊಡೆದ ಕಳೆನಾಶಕ ಎಲ್ಲ ಇರುತ್ತದೆ. ನೆರೆ ಇಳಿದ ಮೇಲೆ ಬ್ಲೀಚ್ ಸುರಿದರೆ ಕ್ರಿಮಿ ಸಾಯುತ್ತವೆ. ರಾಸಾಯನಿಕ ಹಾಗೇ ಇರುತ್ತದೆ. ಕುದಿಸಿದರೂ ಅಷ್ಟೆ. ಹೋದ ಸಲ ನೀರು ನುಗ್ಗಿದಾಗ ಪೈಪಿನ ಬಾಯಿ ನೆಲದಿಂದ ಎಷ್ಟು ಮೇಲಿತ್ತು ಅಂತ ಮಾರುವವರನ್ನು ಕೇಳಿ. ನಾನು ನೋಡಿದ ಎಷ್ಟೋ ಮನೆಗಳಲ್ಲಿ ಅದು ಹುಲ್ಲಿನ ಮಟ್ಟದಲ್ಲೇ, ಬಿರುಕು ಬಿಟ್ಟ ಮುಚ್ಚಳದ ಕೆಳಗೆ, ಜೇಡರ ಬಲೆ ಕಟ್ಟಿಕೊಂಡು ಇರುತ್ತದೆ.

ಎರಡನೆಯ ಕಾರಣ ಆ ಮೊಣಕಾಲುದ್ದ ನೀರು. ಒಮ್ಮೆ ನೀರು ನುಗ್ಗಿದ ಮನೆಗೆ ಮತ್ತೆ ನುಗ್ಗುವ ಸಾಧ್ಯತೆ ಜಾಸ್ತಿ, ನೆಲ ಕುಸಿದ ಪ್ರದೇಶದಲ್ಲಂತೂ ಇನ್ನೂ ಜಾಸ್ತಿ. ನಕ್ಷೆಯಲ್ಲಿ ನೂರು ವರ್ಷದ ನೆರೆ ವಲಯ ಅಂತ ಬರೆದಿರುವುದನ್ನು ಜನ ನೂರು ವರ್ಷಕ್ಕೊಮ್ಮೆ ಅಂದುಕೊಳ್ಳುತ್ತಾರೆ. ಅದರ ಅರ್ಥ ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಾಧ್ಯತೆ. ನಿಮ್ಮ 30 ವರ್ಷದ ಸಾಲ ತೀರುವುದರೊಳಗೆ ಅದು ನೂರರಲ್ಲಿ 26 ಆಗುತ್ತದೆ, ಅಂದರೆ ನಾಲ್ಕಕ್ಕೆ ಒಂದು. ನೆರೆ ಬಂದ ವಾರ ನಿಮ್ಮ ಮಕ್ಕಳಿಗೆ ತೊಂದರೆ ಕೊಡುವುದು ಡಯಾಕ್ಸಿನ್ ಅಲ್ಲ. ಮಲದ ನೀರು, ಒಂದೆರಡು ದಿನದಲ್ಲೇ ಡ್ರೈವಾಲ್ (ಜಿಪ್ಸಂ ಹಲಗೆಯ ಗೋಡೆ) ಒಳಗೆ ಹುಟ್ಟುವ ಬೂಷ್ಟು, ಮನೆಯೊಳಗೆ ಇಟ್ಟ ಜನರೇಟರ್‌ನ ಹೊಗೆ, ಇವು. ಕೆಸರು ತೆಗೆಯುವಾಗ ಒಣಗಲು ಬಿಡಬೇಡಿ, ಹಸಿ ಇರುವಾಗಲೇ ಗೋರಿ ತೆಗೆಯಿರಿ, ಒಣಗಿಸಿ ಪೊರಕೆ ಹಿಡಿದರೆ ಅದರಲ್ಲಿದ್ದದ್ದೆಲ್ಲ ಮೂಗಿಗೆ ಬರುತ್ತದೆ.

ಇನ್ನೊಂದು ಅಪಾಯ ಯಾರೂ ನಿಮಗೆ ಹೇಳಿಲ್ಲ, ಆದರೆ ಪ್ಲಾಂಟ್‌ನಲ್ಲಿರುವ ನಿಮಗೆ ಬೇಗ ಅರ್ಥವಾಗುತ್ತದೆ. ಹಾರ್ವೆಯಲ್ಲಿ ಕ್ರಾಸ್ಬಿಯ ಆರ್ಕೆಮಾ ಕಾರ್ಖಾನೆಗೆ ನೀರು ನುಗ್ಗಿ ಕರೆಂಟ್ ಹೋಯಿತು, ತಣ್ಣಗಿಡಬೇಕಿದ್ದ ಸಾವಯವ ಪೆರಾಕ್ಸೈಡ್ ಬಿಸಿಯಾಗಿ ಹೊತ್ತಿ ಉರಿಯಿತು, ಸುತ್ತ ಒಂದೂವರೆ ಮೈಲಿಯೊಳಗಿನ ಜನರನ್ನು ಎಬ್ಬಿಸಬೇಕಾಯಿತು. ಮಳೆಯೇ ಇಲ್ಲದ 2019ರ ಮಾರ್ಚ್‌ನಲ್ಲಿ ಡೀರ್ ಪಾರ್ಕ್‌ನಲ್ಲಿ ಐಟಿಸಿ ಅನ್ನುವ ರಾಸಾಯನಿಕ ಸಂಗ್ರಹ ಕಂಪನಿಯ ಟ್ಯಾಂಕ್‌ಗಳು ದಿನಗಟ್ಟಲೆ ಉರಿದವು. ಹೆಸರಾಂತ ಗುಂಡಿಯ ಮೇಲೆ ಎಲ್ಲರ ಕಣ್ಣಿದೆ. ಸುತ್ತಲಿನ ಟ್ಯಾಂಕ್‌ಗಳು ಸೂಪರ್‌ಫಂಡ್ ಪಟ್ಟಿಯಲ್ಲಿಲ್ಲ. ಬೇಟೌನ್ ಭಾಗದಲ್ಲಿ ಎಲ್ಲೇ ಮನೆ ಮಾಡಿದರೂ ಸೈರನ್ ಕೂಗಿದಾಗ ಕಿಟಕಿ ಬಾಗಿಲು ಹಾಕಿ ಎಸಿ ಆರಿಸಿ ಒಳಗೇ ಇರುವುದು ಮನೆಯವರಿಗೆಲ್ಲ ಗೊತ್ತಿರಲಿ.

ಹಾಗಾದರೆ ಏನು ಮಾಡಬಹುದು? ಈ ಮನೆಯೇ ಬೇಕು ಅಂತ ಮನಸ್ಸು ಹಿಡಿದರೆ ಬೋರ್‌ವೆಲ್ ಬಾಯಿ ಎತ್ತರಿಸಬೇಕು, ಕುಡಿಯಲು ಅಡುಗೆಗೆ ಆರ್‌ಒ ಹಾಕಬೇಕು, ಪ್ರತಿ ವರ್ಷ ನೀರಿನ ಪರೀಕ್ಷೆ, ಜೊತೆಗೆ ಜೀವಮಾನವಿಡೀ ನೆರೆ ವಿಮೆ. ಮಾಮೂಲಿ ಮನೆ ವಿಮೆಯಲ್ಲಿ ನೆರೆ ಸೇರುವುದಿಲ್ಲ. ಫೆಡರಲ್ ನೆರೆ ವಿಮೆ ಕಟ್ಟಡಕ್ಕೆ ಹೆಚ್ಚೆಂದರೆ 2,50,000 ಡಾಲರ್, ಸಾಮಾನಿಗೆ 1,00,000. ಸಾಲದ ಜೊತೆಗೇ ಮಾಡಿಸಿದರೆ ಅವತ್ತಿನಿಂದಲೇ ಜಾರಿ, ಆಮೇಲೆ ನೋಡೋಣ ಅಂದರೆ 30 ದಿನ ಕಾಯಬೇಕು, ಚಂಡಮಾರುತ ಅಷ್ಟು ದಿನ ಕಾಯುವುದಿಲ್ಲ. ಇದೆಲ್ಲ ಕೂಡಿಸಿದರೆ ಕಡಿಮೆ ಬೆಲೆ ಕಡಿಮೆ ಆಗಿ ಉಳಿಯುತ್ತದಾ, ಲೆಕ್ಕ ಹಾಕಿ. ಮಾರುವ ದಿನ ಬಂದಾಗ ಇನ್ನೊಬ್ಬ ಸಹೋದ್ಯೋಗಿ ನಿಮ್ಮ ಗಿರಾಕಿಯನ್ನೂ ಹೆದರಿಸುತ್ತಾನೆ ಅನ್ನುವುದೂ ಲೆಕ್ಕದಲ್ಲಿರಲಿ. ಗುಂಡಿ ಶುದ್ಧ ಮಾಡುವ ಖರ್ಚು ಮನೆ ಕೊಂಡವರ ತಲೆಗೆ ಬರುತ್ತದೆ ಅಂತ ಕೆಲವರು ಹೇಳುತ್ತಾರೆ, ಅದು ಸುಳ್ಳು. ಮಾಲಿನ್ಯಕ್ಕೆ ಕಾರಣರಲ್ಲದ ಮನೆ ಮಾಲೀಕರ ಬೆನ್ನು ಹತ್ತುವುದಿಲ್ಲ ಅನ್ನುವುದು ಇಪಿಎಯ ಹಳೆಯ ನೀತಿ.

ನನ್ನ ಆಯ್ಕೆ ಕೇಳಿದರೆ, ಅದೇ ಭಾಗದಲ್ಲಿ ಊರಿನ ನಲ್ಲಿ ನೀರಿರುವ, 2017ರಲ್ಲಿ ಒಣಗಿಯೇ ಇದ್ದ, ಸ್ವಲ್ಪ ಎತ್ತರದ ಮನೆ. ಜಾಗ ಚಿಕ್ಕದಾಗುತ್ತದೆ, ದುಡ್ಡು ಜಾಸ್ತಿಯಾಗುತ್ತದೆ. ಸಿಗದಿದ್ದರೆ ಒಂದು ಮಳೆಗಾಲ ಬಾಡಿಗೆಗೆ ಇದ್ದು ಯಾವ ರಸ್ತೆಯಲ್ಲಿ ನೀರು ನಿಲ್ಲುತ್ತದೆ ಅಂತ ಕಣ್ಣಾರೆ ನೋಡಿ. ಇದೆಲ್ಲ ಬೇಡ, ಕನ್ನಡದವರು ಜಾಸ್ತಿ ಇರುವ ಕೇಟಿ ಕಡೆಗೇ ಹೋಗಿಬಿಡೋಣ ಅನ್ನಿಸಬಹುದು. ಅಲ್ಲಿ ಗುಂಡಿ ಇಲ್ಲ ನಿಜ, ಆದರೆ ಹಾರ್ವೆಯಲ್ಲಿ ಬಾರ್ಕರ್ ಜಲಾಶಯ ತುಂಬಿ ಹಿಂದಕ್ಕೆ ಹರಿದಾಗ ನೆರೆ ನಕ್ಷೆಯಲ್ಲಿ ಇಲ್ಲವೇ ಇಲ್ಲದ ಮನೆಗಳೂ ಮುಳುಗಿದವು. ನಿತ್ಯ ಅಷ್ಟು ದೂರ ಕಾರು ಓಡಿಸುವುದೂ ಸಣ್ಣ ಅಪಾಯವಲ್ಲ.

ಈಗ ಉಳಿದ ನಾಲ್ಕು ದಿನದ ಕೆಲಸ. ಮಾರುವವರ ಡಿಸ್‌ಕ್ಲೋಷರ್ ಫಾರ್ಮ್ ಇವತ್ತೇ ತೆಗೆದು ಓದಿ. ಹಿಂದೆ ನೆರೆ ಬಂದಿದೆಯಾ ಅಂತ ಅದರಲ್ಲಿ ಬರೆಯಲೇಬೇಕು ಅಂತ 2019ರಿಂದ ಟೆಕ್ಸಸ್ ಕಾನೂನು ಇದೆ. ಪಕ್ಕದ ಮನೆಯವರು ಮೊಣಕಾಲುದ್ದ ಅಂದಿದ್ದಾರೆ, ಫಾರ್ಮಿನಲ್ಲಿ "ಇಲ್ಲ" ಅಂತ ಗೀಟು ಹಾಕಿದ್ದರೆ ಅಲ್ಲಿಗೇ ಮಾತು ಮುಗಿಯಿತು. ಮನೆ ಎಷ್ಟು ಎತ್ತರದಲ್ಲಿದೆ ಅಂತ ತೋರಿಸುವ ಎಲಿವೇಶನ್ ಸರ್ಟಿಫಿಕೇಟ್ ಕೇಳಿ. ವಿಮಾ ಏಜೆಂಟ್‌ಗೆ ವಿಳಾಸ ಕೊಟ್ಟು ನೆರೆ ವಿಮೆಯ ಕಂತು ಬರೆದು ಕೊಡಲು ಹೇಳಿ, ಆ ಸಂಖ್ಯೆ ನನ್ನ ಈ ಇಡೀ ಉತ್ತರಕ್ಕಿಂತ ಚೆನ್ನಾಗಿ ವಿಷಯ ಹೇಳುತ್ತದೆ. ಮಣ್ಣಿನ ಡಯಾಕ್ಸಿನ್ ಪರೀಕ್ಷೆಗೆ ಈಗ ಓಡಬೇಡಿ, ಒಂದೊಂದು ಮಾದರಿಗೇ ನೂರಾರು ಡಾಲರ್, ನಾಲ್ಕು ದಿನದಲ್ಲಿ ಫಲಿತಾಂಶವೂ ಬರುವುದಿಲ್ಲ. ಬಿಡುವುದು ಅಂತ ತೀರ್ಮಾನಿಸಿದರೆ ಕಾರಣ ಹೇಳಬೇಕಾಗಿಯೂ ಇಲ್ಲ. ಕೊನೆಯ ದಿನ ಗಡುವು ಸಂಜೆ 5ಕ್ಕೆ ಮುಗಿಯುತ್ತದೆ, ಅದಕ್ಕೂ ಮೊದಲು ಬರಹದಲ್ಲಿ ನೋಟಿಸ್ ಕೊಡಿ. ಈ ಅವಧಿಗಾಗಿ ಕೊಟ್ಟ ಆಪ್ಶನ್ ಫೀಸ್ ಹೋಗುತ್ತದೆ, ಮುಂಗಡವಾಗಿ ಇಟ್ಟ ಅರ್ನೆಸ್ಟ್ ಮನಿ ವಾಪಸ್ ಬರುತ್ತದೆ.